ಎರಡು ದೋಣಿಬೆಟ್ಟ

ಮೂರನೆಯ ಡ್ರಾಯರು ಅರ್ಧ ಬಂದು ಹಟ ಹಿಡಿದು ನಿಂತಿತು. ಅವಳು ನೆಲದ ಮೇಲೆ ಕೂತು, ಎರಡೂ ಪಾದಗಳನ್ನು ಕಪಾಟಿಗೆ ಒತ್ತಿ, ಹಿಡಿಯನ್ನು ಬಲವಾಗಿ ಜಗ್ಗಿದಳು. ಡ್ರಾಯರು ಒಮ್ಮೆಲೇ ಸಡಿಲಗೊಂಡು ಮಡಿಲಿಗೆ ಬಂದು ಬಿತ್ತು. ಇನ್ನೂರು ಸತ್ತ ಬೆಟ್ಟಗಳು ನೆಲದ ತುಂಬ ಹರಡಿಕೊಂಡವು.

“ಸತ್ತವರನ್ನ ಹೀಗಾ ಎಬ್ಬಿಸೋದು, ಡ್ರಾಯರಮ್ಮ?” ಎಂದ ನಕ್ಷೆಗಾರ, ಕಿಟಕಿಯ ಬಳಿಯ ತನ್ನ ಇಳಿಜಾರು ಮೇಜಿನಿಂದ ತಲೆಯೆತ್ತದೆ. ಅವನು ಒಂದು ನದಿಯ ನಡುವಿನಲ್ಲಿದ್ದ. ನದಿ ಎಳೆಯುವಾಗ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅವಳು ಮಂಡಿಯೂರಿ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡುತ್ತ ಹೋದಳು. ಹುಡುಕುತ್ತಿದ್ದುದು ಕಪಾಟಿನ ಕಾಲಿನ ಹತ್ತಿರ ಮುಖ ಅಡಿಯಾಗಿ ಬಿದ್ದಿತ್ತು. ಎತ್ತಿ ಧೂಳು ಊದಿ, ಬೆಳಗಿನಿಂದ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದ ಇನ್ನೊಂದು ಕಾರ್ಡಿನ ಪಕ್ಕ ಇಟ್ಟಳು. ಎರಡರ ತಲೆಯ ಮೇಲೂ ಒಂದೇ ಹೆಸರು: ದೋಣಿಬೆಟ್ಟ.

ಹತ್ತು ವರ್ಷಕ್ಕೊಮ್ಮೆ ಹೊಸ ನಕ್ಷೆ ಅಚ್ಚಿಗೆ ಹೋಗುವ ಮುಂಚೆ ಜೋಡಿ ಹೆಸರುಗಳನ್ನು ಹುಡುಕಿ ಬಿಡಿಸುವುದು ಅವಳ ಕೆಲಸ. ಒಂದೇ ಹೆಸರಿನ ಎರಡು ಬೆಟ್ಟ ಸಿಕ್ಕರೆ ಹಳೆಯ ಹೆಸರಿನದು ಹಾಗೇ ಉಳಿಯುತ್ತದೆ. ಹೊಸದಕ್ಕೆ ‘ಸಣ್ಣ’ ಎಂದೋ ‘ಮೂಡಣ’ ಎಂದೋ ಒಂದು ಬಾಲ ಅಂಟಿಸುತ್ತಾರೆ. ಈ ಜೋಡಿ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ್ದಕ್ಕೆ ಕಾರಣ ಆ ನಕ್ಷೆ ಕಚೇರಿಯ ಹಳೆಯ ಅಭ್ಯಾಸ: ಅಲ್ಲಿ ಕಾರ್ಡುಗಳನ್ನು ಹೆಸರಿನ ಮೇಲಲ್ಲ, ಎತ್ತರದ ಮೇಲೆ ಜೋಡಿಸುತ್ತಿದ್ದರು. ಒಂದು ದೋಣಿಬೆಟ್ಟ ಕುಳ್ಳ, ಕಡಲ ದಂಡೆಯದು. ಇನ್ನೊಂದು ಅದರ ಮೂರು ಪಟ್ಟು ಎತ್ತರ, ಕಡಲಿನಿಂದ ಎರಡು ದಿನದ ದಾರಿ ಒಳಗೆ. ಡ್ರಾಯರಿನ ಎರಡು ತುದಿಗಳಲ್ಲಿ ಅವು ಒಂದರ ಸುದ್ದಿ ಒಂದಕ್ಕೆ ತಿಳಿಯದೆ ಆರಾಮಾಗಿ ಮಲಗಿದ್ದವು.

ಎತ್ತರದ ದೋಣಿಬೆಟ್ಟದ ಕಾರ್ಡಿನ ಕೆಳಗೆ, ಅಳೆದವರ ಸಹಿ ಎಂಬಲ್ಲಿ, ಅವಳ ಚಿಕ್ಕಪ್ಪನ ಸಹಿಯಿತ್ತು.

ಆ ಸಹಿ ನೋಡಿ ಅವಳಿಗೇನೂ ಅನಿಸಬೇಕಾಗಿರಲಿಲ್ಲ. ಚಿಕ್ಕಪ್ಪ ನಲವತ್ತೊಂದು ಬೆಟ್ಟ ಅಳೆದವನು. ಅವನ ಸಹಿ ಎಲ್ಲ ಡ್ರಾಯರುಗಳಲ್ಲೂ ಇತ್ತು. ಆದರೆ ಈ ಬೆಟ್ಟದ ಮಾತು ಬೇರೆ. ಇದರ ತೆಂಕಣ ತುದಿಯಲ್ಲಿ ಹೆಸರಿಲ್ಲದ ಒಂದು ಶಿಖರವಿತ್ತು. ಕಚೇರಿಯ ನಿಯಮದ ಪ್ರಕಾರ, ದೊಡ್ಡ ಶಿಖರದಿಂದ ಇಳಿದು ಬರುವ ಬೆನ್ನು ಒಂದು ಕಡೆ ತಗ್ಗಿ, ಅಲ್ಲಿಂದ ಮತ್ತೆ ಕನಿಷ್ಠ ನೂರು ಮೀಟರು ಏರಿದರೆ ಮಾತ್ರ ಅದಕ್ಕೆ ಸ್ವಂತ ಹೆಸರಿಡಬಹುದು. ಇಲ್ಲವಾದರೆ ಅದು ಬರೀ ಭುಜ. ಇದು ನೂರಾ ಹನ್ನೆರಡು ಏರಿತ್ತು. ಬರುವ ಶುಕ್ರವಾರ ಅಚ್ಚಿಗೆ ಹೋಗುವ ನಕ್ಷೆಯಲ್ಲಿ ಆ ಶಿಖರಕ್ಕೆ ಚಿಕ್ಕಪ್ಪನ ಹೆಸರು ಬೀಳುವುದಿತ್ತು.

ಮೊದಲೆಲ್ಲ ಬದುಕಿರುವವರ ಹೆಸರಿಡುತ್ತಿರಲಿಲ್ಲ. ಆದರೆ ಸತ್ತವರ ಹೆಸರಿಟ್ಟಾಗಲೆಲ್ಲ ಮಕ್ಕಳು ಬಂದು ‘ನಮ್ಮಪ್ಪನಿಗೆ ಇಷ್ಟು ಗಿಡ್ಡ ಬೆಟ್ಟವೇ?’ ಎಂದು ಜಗಳ ತೆಗೆಯುತ್ತಿದ್ದರು. ಅದಕ್ಕೇ ಈಗ ಬದುಕಿರುವವರ ಹೆಸರನ್ನೇ, ಅವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಇಡುತ್ತಿದ್ದರು.

ಚಿಕ್ಕಪ್ಪ ಒಪ್ಪಿಗೆ ಪತ್ರಕ್ಕೆ ಯಾವತ್ತೋ ಸಹಿ ಹಾಕಿಯಾಗಿತ್ತು. ಕ್ಷೌರದವನಿಗೆ, ಔಷಧಿ ಅಂಗಡಿಯವಳಿಗೆ, ಅವನನ್ನು ಕಂಡರಾಗದ ಕೆಳಮನೆಯ ಹೆಂಗಸಿಗೆ ಕೂಡ ಹೇಳಿಯಾಗಿತ್ತು. ನಕ್ಷೆಯ ಅಕ್ಷರ ಎರಡು ಮಿಲಿಮೀಟರ್ ಎತ್ತರ ಇರುತ್ತದೆಂದು ಕೇಳಿ, ಅಷ್ಟೇ ಎತ್ತರದಲ್ಲಿ ತನ್ನ ಹೆಸರು ಬರೆದು, ಭೂತಗನ್ನಡಿ ಹಿಡಿದು ನೋಡಿಯೂ ಆಗಿತ್ತು.

ಅವಳು ಚಿಕ್ಕಪ್ಪನ ಕಾರ್ಡು ಓದಿದಳು. ಹೆಸರಿನ ಕಾರಣ: ಮಗುಚಿದ ದೋಣಿಯಂತೆ ಕಾಣುತ್ತದೆ ಎಂದು ಊರವರ ಹೇಳಿಕೆ. ಕಾರ್ಡಿಗೆ ಪಿನ್ನು ಚುಚ್ಚಿದ್ದ ಫೋಟೋ ನೋಡಿದಳು. ಅಡ್ಡ ಹಿಡಿದಳು, ತಲೆಕೆಳಗು ಮಾಡಿದಳು. ಯಾವ ಕಡೆಯಿಂದಲೂ ದೋಣಿ ಕಾಣಲಿಲ್ಲ. ನಕ್ಷೆಗಾರನಿಗೆ ತೋರಿಸಿದಾಗ ಅವನು ನದಿಯನ್ನು ಅಲ್ಲಿಗೇ ನಿಲ್ಲಿಸಿ, ತನಗೆ ಕಾಣುವುದು ಮುರಿದ ಹಲ್ಲು ಎಂದ.

ಯಾವ ಹೆಸರು ಹಳೆಯದು ಎಂದು ಕೇಳಲು ಅವಳು ಎರಡೂ ಊರುಗಳಿಗೆ ಫೋನು ಮಾಡಿದಳು. ಕಡಲ ದಂಡೆಯವರು ನಕ್ಕರು. ಮೀನು ಹಿಡಿಯಲು ಹೋದವರು ಆ ಬೆಟ್ಟ ನೋಡಿಕೊಂಡೇ ದಡ ಸೇರುತ್ತಾರಂತೆ. ಕಡಲಿನಿಂದ ನೋಡಿದರೆ ಥೇಟು ಮಗುಚಿದ ದೋಣಿಯಂತೆ. ಒಳನಾಡಿನ ಊರಿನಲ್ಲಿ ಫೋನು ಎತ್ತಿದ್ದು ಶಾಲೆಯ ಮೇಷ್ಟ್ರು. ಅವರಿಗೆ ಗೊತ್ತಿರಲಿಲ್ಲ. ಊರಿಗೆಲ್ಲ ಹಿರಿಯಳಾದ ಅಜ್ಜಿ ಶಾಲೆಯ ಎದುರು ಮನೆಯವಳೇ, ಕರೆಸುತ್ತೇನೆ ಎಂದರು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಎಷ್ಟು ಮಕ್ಕಳು ಎಂದು ಅವಳು ಸುಮ್ಮನೆ ಕೇಳಿದಳು. ನೂರಿಪ್ಪತ್ತು ಎಂದರು.

ಅಜ್ಜಿ ಬಂದು, ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು ಮಾತಾಡಿದಳು.

“ಹೆಸರು ನಾವೇ ತಂದಿದ್ದು ಕಣಮ್ಮ. ಪಾತ್ರೆ ಪಡಗ ತಂದ ಹಾಗೆ. ನಮ್ಮದು ಕಡಲ ಕಡೆ ಊರು. ಅಲೆ ಬಂದು ಮನೆಗಳನ್ನೆಲ್ಲ ತಿಂದು ಹಾಕ್ತು, ಇಲ್ಲಿಗೆ ಬಂದ್ವಿ. ನನಗೆ ಆಗ ಏಳು ವರ್ಷ. ಅಲ್ಲಿ ಬಾಗಿಲು ತೆಗೆದ್ರೆ ದೋಣಿಬೆಟ್ಟ ಕಾಣ್ತಿತ್ತು. ಇಲ್ಲೂ ಬಾಗಿಲು ತೆಗೆದ್ರೆ ಒಂದು ಬೆಟ್ಟ ಕಾಣ್ತು. ಇನ್ನೇನು ಅಂತ ಕರೀಬೇಕಿತ್ತು?”

ಹಾಗಾದರೆ ಅದಕ್ಕೂ ಮೊದಲು ಆ ಬೆಟ್ಟವನ್ನು ಏನೆಂದು ಕರೆಯುತ್ತಿದ್ದರು ಎಂದು ಅವಳು ಕೇಳಿದಳು.

“ಯಾರನ್ನ ಕೇಳೋದು? ನಾವು ಬಂದಾಗ ಇಲ್ಲಿ ಯಾರೂ ಇರಲಿಲ್ಲ. ಮನೆಗಳೆಲ್ಲ ಖಾಲಿ. ಬಾಗಿಲು ಹಾಕ್ಕೊಂಡು ಕೂಡ ಹೋಗಿರಲಿಲ್ಲ ಪಾಪ.” ಸ್ವಲ್ಪ ತಡೆದು ಅಜ್ಜಿ, ಮಣ್ಣು ಮಾತ್ರ ಕಪ್ಪಗೆ ಹಿಟ್ಟಿನ ಹಾಗಿತ್ತು, ಏನು ಹಾಕಿದರೂ ಬರುತ್ತಿತ್ತು ಎಂದಳು.

ಫೋನು ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಹೆಸರಿನ ಗಂಟು ಬಿಚ್ಚಿತ್ತು. ಒಳನಾಡಿನದಕ್ಕೆ ‘ಮೂಡಣ’ ಎಂದು ಸೇರಿಸಿದರೆ ಆಯಿತು. ಆದರೆ ಆ ಗಂಟಿನ ಒಳಗೆ ಇನ್ನೊಂದು ಗಂಟು ಸಿಕ್ಕಿತ್ತು. ಕಾರ್ಡನ್ನು ಮತ್ತೆ ನೋಡಿದಳು. ವರ್ಗ: ಸತ್ತದ್ದು. ಆಧಾರ: ಮೂವರು ಹಿರಿಯರು.

ಚಿಕ್ಕಪ್ಪನ ಕಾಲದಲ್ಲಿ ಕಚೇರಿಯ ಬಳಿ ಹೇಳಿಕೊಳ್ಳುವಂಥ ಯಂತ್ರಗಳಿರಲಿಲ್ಲ. ಒಂದು ಜ್ವಾಲಾಮುಖಿ ಸತ್ತಿದೆಯೋ ಮಲಗಿದೆಯೋ ತಿಳಿಯಲು ಬುಡದ ಊರಿನ ಮೂವರು ಮುದುಕರನ್ನು ಹಿಡಿದು ಕೇಳುತ್ತಿದ್ದರು: ನೀವು ಇದರಲ್ಲಿ ಬೆಂಕಿ ಕಂಡಿದ್ದೀರಾ? ನಿಮ್ಮ ಅಜ್ಜ ಅಜ್ಜಿ ಕಂಡದ್ದು ಹೇಳಿದ್ದಾರಾ? ಅವರ ಅಜ್ಜ ಅಜ್ಜಿ? ಮೂವರೂ ಇಲ್ಲವೆಂದರೆ ಮೂರನೆಯ ಡ್ರಾಯರು. ಮೂವತ್ತನಾಲ್ಕು ವರ್ಷದ ಹಿಂದೆ ಚಿಕ್ಕಪ್ಪ ಕೇಳಿದ್ದ, ಮೂವರೂ ಇಲ್ಲ ಎಂದಿದ್ದರು. ಅವರು ಹೇಳಿದ್ದು ನಿಜವೇ. ಆದರೆ ಅವರ ಅಜ್ಜ ಅಜ್ಜಿಯರ ಬಾಗಿಲಿಗೆ ಕಾಣುತ್ತಿದ್ದದ್ದು ಬೇರೆ ಬೆಟ್ಟ. ಕಡಲ ದಂಡೆಯ ಕುಳ್ಳ ಬೆಟ್ಟದ ಸಾವನ್ನು ತಂದು ಈ ಎತ್ತರದ ಬೆಟ್ಟದ ಲೆಕ್ಕಕ್ಕೆ ಬರೆದಿದ್ದರು.

ಅವಳು ಕಾರ್ಡು ಹಿಡಿದು ಕಪಾಟಿನ ಮುಂದೆ ನಿಂತಳು. ಮೊದಲನೆಯ ಡ್ರಾಯರು ಎಚ್ಚರವಿರುವ ಜ್ವಾಲಾಮುಖಿಗಳದು, ಹೊಗೆಯಾಡುವಂಥವು, ಕೆಮ್ಮುವಂಥವು. ಇದು ಕೆಮ್ಮಿದ್ದನ್ನು ಯಾರೂ ಕೇಳಿಲ್ಲ. ಎರಡನೆಯದು ಮಲಗಿರುವವುಗಳದು. ಅದಕ್ಕೆ ಹಾಕಬೇಕಾದರೆ ಎಂದೋ ಎದ್ದಿತ್ತು ಎನ್ನುವುದಕ್ಕೆ ಒಂದು ನೆನಪಾದರೂ ಬೇಕು; ನೆನಪಿದ್ದವರು ಊರು ಬಿಟ್ಟು ಹೋಗಿದ್ದಾರೆ. ಖಾಲಿ ಮನೆಗಳು, ಬೂದಿಯಂಥ ಕಪ್ಪು ಮಣ್ಣು ಎಂದು ಕೇಳಿದ ಮೇಲೆ ಮೂರನೆಯದಕ್ಕೆ ವಾಪಸು ಹಾಕಲು ಕೈ ಬರಲಿಲ್ಲ. ನಾಲ್ಕನೆಯದು ಒಡಲಲ್ಲಿ ಬೆಂಕಿಯನ್ನೇ ಕಾಣದ ಬರೀ ಬೆಟ್ಟಗಳದು, ಆದರೆ ಇದರ ಕಲ್ಲೇ ಕರಗಿ ಗಟ್ಟಿಯಾದ ಕಲ್ಲು. ಐದನೆಯ ಡ್ರಾಯರು ಇರಲಿಲ್ಲ. ಬಡಗಿ ಯಾವ ಕಾಲದಲ್ಲೋ ನಾಲ್ಕು ಡ್ರಾಯರಿನ ಕಪಾಟು ಮಾಡಿಕೊಟ್ಟಿದ್ದ, ಭೂಮಿಯೂ ಅದಕ್ಕೆ ಹೊಂದಿಕೊಂಡು ಹೋಗಬೇಕಿತ್ತು.

ಕೊನೆಗೆ ಅವಳು ಕಾರ್ಡನ್ನು ತನ್ನ ಕೈಚೀಲದಲ್ಲಿ, ಛತ್ರಿ ಮತ್ತು ಖಾಲಿ ಊಟದ ಡಬ್ಬಿಯ ನಡುವೆ ಹಾಕಿಕೊಂಡಳು. ಹದಿನಾರು ವರ್ಷದ ನೌಕರಿಯಲ್ಲಿ ಕಚೇರಿಯ ಕಾಗದವೊಂದನ್ನು ಮನೆಗೆ ತೆಗೆದುಕೊಂಡು ಹೋಗುತ್ತಿದ್ದದ್ದು ಅದೇ ಮೊದಲು.

ಮನೆಯಲ್ಲಿ ಚಿಕ್ಕಪ್ಪ ಹೊಸ ಬೂಟು ಪಳಗಿಸುತ್ತಿದ್ದ. ಶಿಖರಕ್ಕೆ ಹೆಸರಿಡುವ ಸಮಾರಂಭದ ದಿನ ಕಚ್ಚಬಾರದೆಂದು ಮೂರು ದಿನದಿಂದ ಅಡುಗೆಮನೆಗೂ ಬಾಗಿಲಿಗೂ ನಡುವೆ ನಡೆಯುತ್ತಿದ್ದ, ಹೆಜ್ಜೆ ಎಣಿಸುತ್ತ. ಅವಳ ಅಪ್ಪ ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ. ಅಂದಿನಿಂದ ಅವಳ ಬೆಳಗಿನ ನಿದ್ದೆಗೆ ಈ ಎಣಿಕೆಯೇ ಜೋಗುಳ.

“ಹದಿನೇಳೂವರೆ,” ಎಂದ ಚಿಕ್ಕಪ್ಪ. “ಹಳೇ ಬೂಟಿಗೆ ಹದಿನೆಂಟು ಆಗ್ತಿತ್ತು. ಒಂದೋ ಬೂಟು ಉದ್ದ, ಇಲ್ಲ ಮನೆ ಕುಗ್ಗಿದೆ.”

ಅವಳು ಟೀ ಮಾಡಿ ಕೊಟ್ಟು, ಅವನನ್ನು ಕೂರಿಸಿ, ಬೇರೆಲ್ಲಿಂದಲೋ ಮಾತು ತೆಗೆದಳು. ದೋಣಿಬೆಟ್ಟದ ಊರಿನವರು ಹೇಗಿದ್ದರು ಎಂದು ಕೇಳಿದಳು. ಒಳ್ಳೆಯ ಜನ ಎಂದ. ತಾನು ಇದ್ದಷ್ಟು ದಿನವೂ ಬೇಯಿಸಿದ ಮೊಟ್ಟೆ ತಂದು ಕೊಡುತ್ತಿದ್ದರಂತೆ. ಮೂವರು ಮುದುಕರನ್ನು ಒಬ್ಬರ ಮಾತು ಒಬ್ಬರಿಗೆ ಕೇಳಿಸದಂತೆ ಬೇರೆ ಬೇರೆ ಕೂರಿಸಿ ಕೇಳಿದ್ದನಂತೆ. ಹಾಗೆ ಕೇಳುವ ತಾಳ್ಮೆ ಮೀಸೆಗೆ ಇರಲಿಲ್ಲ, ಅವನು ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿಬಿಡುತ್ತಿದ್ದ ಎಂದು ನಕ್ಕ. ಮೀಸೆ ಎಂದರೆ ಅವನ ಜೊತೆ ಕೆಲಸಕ್ಕಿದ್ದ ಇನ್ನೊಬ್ಬ ಅಳತೆಗಾರ. ಕಡಲ ದಂಡೆಯ ಬೆಟ್ಟಗಳೆಲ್ಲ ಅವನವು.

ಅವಳು ಅಜ್ಜಿ ಹೇಳಿದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿ ಶಾಲೆಯ ಹುಡುಗಿಯ ದನಿಯಂತೆ ಸಣ್ಣಗಾಗುತ್ತಿರುವುದು ಅವಳಿಗೇ ಕೇಳಿಸಿತು.

“ಅವರೇನೂ ಸುಳ್ಳು ಹೇಳಲಿಲ್ಲ ಚಿಕ್ಕಪ್ಪ. ಅವರ ಅಜ್ಜ ಅಜ್ಜಿ ಅಲ್ಲಿ ಇರಲೇ ಇಲ್ಲ.”

ಚಿಕ್ಕಪ್ಪ ಮೊದಲು ಅಜ್ಜಿಗೆ ಅರುಳು ಮರುಳು ಎಂದ. ಆಮೇಲೆ ಫೋನಿನಲ್ಲಿ ಕೇಳಿದ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ ಎಂದ. ಆಮೇಲೆ ಎದ್ದು, ಮಂಚದ ಕೆಳಗಿನ ಟ್ರಂಕಿನಿಂದ ಆ ವರ್ಷದ ಟಿಪ್ಪಣಿ ಪುಸ್ತಕ ತೆಗೆದು ಅವಳ ಮುಂದೆ ಹಾಕಿದ, ತಾನು ಏನನ್ನೂ ಬಿಡದೆ ಬರೆದುಕೊಂಡಿದ್ದೇನೆ, ನೋಡಿಕೋ ಎಂದು.

ಅವನು ನಿಜಕ್ಕೂ ಏನನ್ನೂ ಬಿಟ್ಟಿರಲಿಲ್ಲ. ಗಾಳಿಯ ದಿಕ್ಕು, ಹಳ್ಳದ ಆಳ ಮಂಡಿಯವರೆಗೆ, ಮನೆಗಳ ಸಂಖ್ಯೆ. ಎರಡನೆಯ ಮುದುಕನ ಮನೆಯ ಕುರಿತ ಸಾಲಿಗೆ ಬಂದು ಅವಳ ಬೆರಳು ನಿಂತಿತು. ಪುಸ್ತಕವನ್ನು ಅವನತ್ತ ತಿರುಗಿಸಿದಳು. ಚಿಕ್ಕಪ್ಪ ಭೂತಗನ್ನಡಿ ಹಿಡಿದು ತನ್ನದೇ ಕೈಬರಹವನ್ನು ಯಾರದೋ ಎಂಬಂತೆ ಓದಿದ. ಕೋಳಿಗಳಿಗೆ ಬೇಲಿ, ಹಳೆಯ ಮೀನಿನ ಬಲೆಯದು.

ಮಂಡಿಯುದ್ದದ ಹಳ್ಳ ಬಿಟ್ಟರೆ ನೀರೇ ಇಲ್ಲದ ಊರಿನಲ್ಲಿ, ಮನೆಯ ಸುತ್ತ ಸುತ್ತುವಷ್ಟು ದೊಡ್ಡ ಮೀನಿನ ಬಲೆ. ಅದನ್ನು ಕಂಡಿದ್ದ, ಬರೆದುಕೊಂಡಿದ್ದ, ಇದು ಎಲ್ಲಿಂದ ಬಂತು ಎಂದು ಮಾತ್ರ ಕೇಳಿರಲಿಲ್ಲ.

“ಕೋಳಿ ಎಷ್ಟಿದ್ವು ಅಂತಾನೂ ಬರ್ದಿದೀನಿ,” ಎಂದ ಚಿಕ್ಕಪ್ಪ, ಭೂತಗನ್ನಡಿ ಕೆಳಗಿಟ್ಟು. “ಹದಿನಾಲ್ಕು.”

ಒಂದು ಬೂಟು ಬಿಚ್ಚಿದ. ಇನ್ನೊಂದನ್ನು ಬಿಚ್ಚುವುದು ಮರೆತಂತೆ ಹಾಗೇ ಕೂತ. ಆಮೇಲೆ ಕೇಳಿದ:

“ಶುಕ್ರವಾರ ತಾನೆ ಅಚ್ಚಿಗೆ ಹೋಗೋದು? ಇವತ್ತು ಮಂಗಳವಾರ.”

ಅವಳು ಹೌದು ಎಂದಳು. ಅವನು ಎರಡನೆಯ ಬೂಟು ಬಿಚ್ಚತೊಡಗಿದ. ತಿದ್ದುವುದಕ್ಕೆ ಇನ್ನೂ ಸಮಯವಿದೆ ಎಂದನೋ, ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದನೋ? ಅವಳು ಆ ಮಾತನ್ನು ಫೋಟೋದ ಹಾಗೆ ಅಡ್ಡ ಹಿಡಿದು ನೋಡಿದಳು, ತಲೆಕೆಳಗು ಮಾಡಿ ನೋಡಿದಳು. ಮತ್ತೆ ಕೇಳಲು ಧೈರ್ಯ ಬರಲಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ, ಹೇಳಿದ ಮೇಲೆ ತಾನು ಹಾಗೆ ಮಾಡಬೇಕಾಗುತ್ತದೆ.

ಬುಧವಾರ ಬೆಳಿಗ್ಗೆ ಅವಳು ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿದಳು. ಸಾಹೇಬರು ಕೆಟ್ಟವರಲ್ಲ. ಚಿಕ್ಕಪ್ಪನ ಕೈಕೆಳಗೆ ಅಳತೆಯ ಸರಪಳಿ ಹಿಡಿದು ಕೆಲಸ ಕಲಿತವರು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ ಓದಿದರು. ಅವರೂ ಗೊಂದಲಕ್ಕೆ ಬಿದ್ದದ್ದು ಕಂಡು ಅವಳಿಗೆ ತುಸು ಹಾಯೆನಿಸಿತು. ಆದರೆ ಸಾಹೇಬರು ಬೇಗ ಗೊಂದಲದಿಂದ ಹೊರಬಂದರು. ಅದಕ್ಕೇ ಅವರು ಸಾಹೇಬರು. ವರ್ಗ ಬದಲಾದರೆ ಬೆಟ್ಟ ವಿಚಾರಣೆಗೆ ಬೀಳುತ್ತದೆ, ವಿಚಾರಣೆಯಲ್ಲಿರುವ ಬೆಟ್ಟದ ಮೇಲೆ ಮನುಷ್ಯರ ಹೆಸರಿಡುವಂತಿಲ್ಲ ಎಂದು ನಿಯಮ ನೆನಪಿಸಿದರು. ನಾಳೆ ತಲೆ ಇರುತ್ತದೋ ಹಾರಿ ಹೋಗುತ್ತದೋ ತಿಳಿಯದ ಬೆಟ್ಟಕ್ಕೆ ಯಾರ ಹೆಸರಾದರೂ ಯಾಕೆ?

“ಒಂದು ಕೆಲಸ ಮಾಡಿ,” ಎಂದರು ಮೆಲ್ಲಗೆ. “ಇದು ಹೀಗೇ ಇರಲಿ. ನಿಮ್ಮ ಚಿಕ್ಕಪ್ಪನವರ ಸಮಾರಂಭ ಮುಗೀಲಿ. ಮುಂದಿನ ನಕ್ಷೇಲಿ ತಿದ್ದೋಣ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ.”

“ಬೆಟ್ಟ ಓಡಲ್ಲ ಸರ್,” ಎಂದಳು ಅವಳು. “ಬುಡದಲ್ಲಿರೋರು ಓಡಬೇಕಾಗುತ್ತೆ.”

ಇದನ್ನು ಹೇಳಿದ್ದು ತಾನೇ ಎಂದು ನಂಬಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಎರಡನೆಯ ಡ್ರಾಯರಿಗೆ ಸೇರಿದ ಬೆಟ್ಟದ ಬುಡಕ್ಕೆ ಕಚೇರಿಯಿಂದ ಕಂಪನ ಅಳೆಯುವ ಯಂತ್ರ ಹೋಗುತ್ತದೆ, ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಹೋಗುತ್ತಾನೆ. ಮೂರನೆಯದಕ್ಕೆ ಏನೂ ಹೋಗುವುದಿಲ್ಲ. ಹತ್ತು ವರ್ಷ ಆ ಶಾಲೆಯ ಮಕ್ಕಳು ಒಂದು ಕಾರ್ಡಿನ ನೆರಳಿನಲ್ಲಿ ಆಡುತ್ತಾರೆ. ಬಾಗಿಲು ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ ಹೋದವರ ಖಾಲಿ ಮನೆಗಳು ಅವಳು ಕಾಣದೆಯೇ ಅವಳ ಕಣ್ಣಿಗೆ ಕಟ್ಟಿದ್ದವು.

ಅವಳು ತನ್ನ ಮೇಜಿಗೆ ಬಂದು ಹೊಸ ಕಾರ್ಡು ತೆಗೆದಳು. ಹೆಸರು: ಮೂಡಣ ದೋಣಿಬೆಟ್ಟ. ವರ್ಗ: ಮಲಗಿರುವುದು. ಆಧಾರ ಎಂಬಲ್ಲಿ ಪೆನ್ನು ತಡೆಯಿತು. ಊಟದ ಹೊತ್ತು ಕಳೆಯಿತು. ನಕ್ಷೆಗಾರ ನದಿಯನ್ನು ಕಡಲಿಗೆ ಸೇರಿಸಿ, ಕೈ ತೊಳೆದು ಬಂದು, ಹಿಂದೆ ನಿಂತು ಇಣುಕಿದ. ಅವಳು ಬರೆದಳು: ‘ಕೇಳಬೇಕಾದವರು ಊರು ಬಿಟ್ಟಿದ್ದಾರೆ.’ ಇಂಥ ಆಧಾರ ಯಾವ ಡ್ರಾಯರಿನಲ್ಲೂ ಇಲ್ಲವಲ್ಲ ಎಂದ ನಕ್ಷೆಗಾರ. ಇಲ್ಲ ಎಂದಳು. ಸಹಿ ಹಾಕಿ ಎರಡನೆಯ ಡ್ರಾಯರಿನೊಳಗೆ ಇಟ್ಟು ಮುಚ್ಚಿದಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಇನ್ನೂ ತಿಳಿದಿರಲಿಲ್ಲ. ಕೈ ಮಾತ್ರ ಮಾಡಿ ಮುಗಿಸಿತ್ತು.

ಅಂದು ಸಂಜೆ ಚಿಕ್ಕಪ್ಪನಿಗೆ ಹೇಳಿದಾಗ ಅವನು ಹೂಂ ಎಂದ, ಅಷ್ಟೇ. ಬೂಟುಗಳು ಡಬ್ಬಿಯೊಳಗೆ ಹೋಗಿದ್ದವು. ಊಟದ ನಡುವೆ, ಔಷಧಿ ಅಂಗಡಿಯವಳಿಗೆ ಏನು ಹೇಳೋದು ಎಂದು ಒಮ್ಮೆ ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ, ಬಿಡು, ಅವಳೆಲ್ಲಿ ನೆನಪಿಟ್ಟಿರ್ತಾಳೆ ಎಂದು ತಾನೇ ಉತ್ತರವನ್ನೂ ಹೇಳಿಕೊಂಡ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಎಪ್ಪತ್ತೆಂಟು ವರ್ಷದ ಮನುಷ್ಯನಿಗೆ ಮುಂದಿನ ನಕ್ಷೆ ಎಂದರೆ ಎಂಬತ್ತೆಂಟು.

ಗುರುವಾರ ಮಧ್ಯಾಹ್ನ ಸಾಹೇಬರು ತಾವೇ ಅವಳ ಮೇಜಿನ ಬಳಿ ಬಂದರು. ಎರಡನೆಯ ಡ್ರಾಯರಿನ ಹೊಸ ಕಾರ್ಡು ಅವರ ಕಣ್ಣಿಗೆ ಬಿದ್ದಿತ್ತು, ಆದರೂ ಮುಖ ಅರಳಿತ್ತು. ಕಡಲ ದಂಡೆಯ ದೋಣಿಬೆಟ್ಟ ನೋಡಿದಿರಾ ಎಂದು ಕೇಳಿದರು. ಅದು ಸಂಶಯವೇ ಇಲ್ಲದಂತೆ ಸತ್ತದ್ದು. ಹೋದ ವರ್ಷವಷ್ಟೇ ಬಂದರಿನವರು ತಮ್ಮದೇ ಯಂತ್ರ ಇಟ್ಟು ನೋಡಿದ್ದರು. ಅದರ ಬಡಗಣ ತುದಿಯಲ್ಲೂ ಒಂದು ಶಿಖರವಿದೆ, ತಗ್ಗಿನಿಂದ ನೂರಾ ನಲವತ್ತು ಮೀಟರು ಏರುತ್ತದೆ, ಹೆಸರಿಲ್ಲ. ಚಿಕ್ಕಪ್ಪನವರದಕ್ಕಿಂತ ಇಪ್ಪತ್ತೆಂಟು ಮೀಟರು ಹೆಚ್ಚೇ. ಹೊಸ ಒಪ್ಪಿಗೆ ಪತ್ರಕ್ಕೆ ಒಂದು ಸಹಿ ಬಿದ್ದರೆ ಸಾಕು, ನಾಳೆ ಬೆಳಿಗ್ಗೆ ನಕ್ಷೆಗಾರ ಹೆಸರು ಬರೆದುಕೊಡುತ್ತಾನೆ.

ಅವಳು ಬಸ್ಸಿಗೆ ಕಾಯದೆ ನಡೆದೇ ಬಂದಳು. ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಚಿಕ್ಕಪ್ಪ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ನಕ್ಷೆಗಾರ ಪಾರದರ್ಶಕ ಕಾಗದದ ಮೇಲೆ ಎಳೆದುಕೊಟ್ಟಿದ್ದ ಬೆಟ್ಟವನ್ನು ಅವಳು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಒಪ್ಪಿಗೆ ಪತ್ರ ಇಟ್ಟು, ಅದರ ಮೇಲೆ ಪೆನ್ನು ಇಟ್ಟಳು. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಔಷಧಿ ಅಂಗಡಿಯವಳಿಗೆ ಇನ್ನು ಏನನ್ನೂ ಹೇಳಬೇಕಾಗಿಲ್ಲ ಎಂದಳು.

ಚಿಕ್ಕಪ್ಪ ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು ಬಂದ. ಭೂತಗನ್ನಡಿ ಹಿಡಿದು ಗೆರೆಗಳನ್ನು ಒಂದೊಂದಾಗಿ ನೋಡಿದ. ಅವನ ಮುಖದಲ್ಲಿ ಆಸೆ ಕಾಣುತ್ತಿತ್ತು. ಅವಳು ತಪ್ಪು ತಿಳಿದಿರಲಿಲ್ಲ. ಅವನ ಬೆರಳು ಬಡಗಣ ತುದಿಗೆ ಹೋಗಿ, ಹೆಸರು ಬೀಳಬೇಕಾದ ಜಾಗದಲ್ಲಿ, ಎರಡು ಮಿಲಿಮೀಟರಿನ ಆ ಖಾಲಿಯಲ್ಲಿ, ಸ್ವಲ್ಪ ಹೊತ್ತು ನಿಂತಿತು.

“ಇದು ಮೀಸೆ ಅಳೆದದ್ದು,” ಎಂದ.

ಹೌದು, ಆದರೆ ಮೀಸೆ ಹೋಗಿ ಎಂಟು ವರ್ಷವಾಯಿತು, ಅವರ ಮನೆಯವರದು ಏನೂ ತಕರಾರಿಲ್ಲ, ಸಾಹೇಬರು ಫೋನು ಮಾಡಿ ಕೇಳಿದ್ದಾರೆ ಎಂದಳು. ಅವನಿಗೆ ಬೇಕಾದ ಉತ್ತರ ಅದಲ್ಲವೆಂದು ಹೇಳಿ ಮುಗಿಸಿದ ಮೇಲೆ ಅನಿಸಿತು.

“ನಾನು ಇದನ್ನ ಹತ್ತಿಲ್ಲ ಕಣೆ. ದೂರದಿಂದ ಕೂಡ ನೋಡಿಲ್ಲ.”

“ಅದನ್ನ ಯಾರು ಕೇಳ್ತಾರೆ ಚಿಕ್ಕಪ್ಪ? ತಗ್ಗಿನಿಂದ ಅದಕ್ಕಿಂತ ಹೆಚ್ಚು ಏರುತ್ತೆ. ಸತ್ತದ್ದು, ಸಂಶಯವೇ ಇಲ್ಲ. ಎಲ್ಲಾ ನಿಯಮಕ್ಕೂ ಸರಿಯಾಗಿದೆ.”

ಚಿಕ್ಕಪ್ಪ ಪೆನ್ನಿಗೆ ಮುಚ್ಚಳ ಹಾಕಿದ. ಕಾಗದವನ್ನು ಸುರುಳಿ ಸುತ್ತಿ, ತುದಿ ಸಮ ಮಾಡಿ, ಒಪ್ಪಿಗೆ ಪತ್ರದ ಜೊತೆ ಅವಳತ್ತ ಸರಿಸಿದ. ಅವಳು ಅವನ ಮುಖವನ್ನೇ ನೋಡಿದಳು. ಅಲ್ಲಿ ಆಸೆ ಇನ್ನೂ ಇತ್ತು, ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ, ಅದೇ ಅವಳಿಗೆ ಅರ್ಥವಾಗಲಿಲ್ಲ.

“ಬೇಡ,” ಎಂದ. “ನಾನು ಸಹಿ ಹಾಕಲ್ಲ.”